ಇಂಪ್ಲಾಂಟನ್ನು ತೊಳೆಯದೇ ಹಾಕಿದರು, ಸರಿನಾ?

ಓದುಗರ ಪ್ರಶ್ನೆ: ನನಗೆ ಹಲ್ಲಿನ ಇಂಪ್ಲಾಂಟ್ ಹಾಕುವಾಗ ಡಾಕ್ಟರು ಪ್ಯಾಕೆಟ್ ಒಡೆದು, ಅದನ್ನು ತೊಳೆಯದೆ ಸೀದಾ ದವಡೆಯೊಳಗೆ ತಿರುಗಿಸಿಬಿಟ್ಟರು. ಮೂರು ತಿಂಗಳಾದ ಮೇಲೆ ಲ್ಯಾಬಿನಿಂದ ಮೇಲಿನ ಭಾಗ ಬಂತು. ಆಗ ಮಾತ್ರ "ಇದನ್ನು ಕ್ಲೀನ್ ಮಾಡಬೇಕು, ಒಂದು ಗಂಟೆ ಕೂತಿರಿ" ಅಂದರು. ಎರಡೂ ನನ್ನ ಬಾಯಿಗೇ ಹೋಗುವುದು ತಾನೇ? ಒಂದಕ್ಕೆ ತೊಳೆಯುವುದು ಬೇಡ, ಇನ್ನೊಂದಕ್ಕೆ ಬೇಕು ಅಂದರೆ ಹೇಗೆ?

ನಿಮ್ಮ ಡಾಕ್ಟರು ಎರಡು ಸಲವೂ ಸರಿಯಾಗೇ ಮಾಡಿದ್ದಾರೆ. ಮೊದಲನೆಯದನ್ನು ತೊಳೆದಿದ್ದರೆ ತಪ್ಪಾಗುತ್ತಿತ್ತು. ಎರಡನೆಯದನ್ನು ತೊಳೆಯದೇ ಹಾಕುವವರು ನಮ್ಮಲ್ಲೇ ಇದ್ದಾರೆ, ಅದು ತಪ್ಪು.

ಇಂಪ್ಲಾಂಟ್ ಅಂತ ಒಂದೇ ಪದದಲ್ಲಿ ಹೇಳಿಬಿಡುತ್ತೇವೆ, ಆದರೆ ಸಾಮಾನ್ಯವಾಗಿ ಅದು ಮೂರು ತುಂಡು. ಮೂಳೆಯೊಳಗೆ ಕೂರುವುದು ಟೈಟಾನಿಯಂ ಸ್ಕ್ರೂ. ಅದರ ಮೇಲೆ, ಒಸಡನ್ನು ದಾಟಿ ಹೊರಗೆ ಬರುವ ಕುತ್ತಿಗೆಯಂಥ ತುಂಡು ಅಬಟ್‌ಮೆಂಟ್. ಅದರ ಮೇಲೆ ಹಲ್ಲಿನ ಕ್ಯಾಪ್. ಸ್ಕ್ರೂ ಕಾರ್ಖಾನೆಯಿಂದ ಸೀಲ್ ಆಗಿಯೇ ಬರುತ್ತದೆ. ಉಳಿದ ಎರಡು ಬಹಳ ಸಲ ನಿಮ್ಮ ಬಾಯಿಯ ಅಳತೆಗೆ ಲ್ಯಾಬಿನಲ್ಲಿ ತಯಾರಾಗುತ್ತವೆ. ವ್ಯತ್ಯಾಸ ಇರುವುದೇ ಇಲ್ಲಿ.

ಸ್ಕ್ರೂ ವಿಷಯ ಮೊದಲು ಮುಗಿಸೋಣ. ಅದನ್ನು ಕಾರ್ಖಾನೆಯಲ್ಲೇ ಶುಚಿ ಮಾಡಿ, ಸೀಲ್ ಮಾಡಿ, ಹೆಚ್ಚಾಗಿ ಗಾಮಾ ಕಿರಣ ಹಾಯಿಸಿ ಕಳಿಸುತ್ತಾರೆ. ಅದರ ಮೈ ಕಣ್ಣಿಗೆ ಮಂಕಾಗಿ ಕಾಣುತ್ತದೆ. ಮರಳಿನಂಥ ಕಣ ಸಿಡಿಸಿ, ಆಸಿಡ್‌ನಲ್ಲಿ ಅದ್ದಿ, ಬೇಕಂತಲೇ ತರಿತರಿ ಮಾಡಿರುತ್ತಾರೆ. ಗಾಳಿ ತಾಗಿದ ಕೂಡಲೇ ಟೈಟಾನಿಯಂ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟುತ್ತದೆ. ಮೂಳೆ ಬಂದು ಅಂಟಿಕೊಳ್ಳುವುದು ಆ ಪದರಕ್ಕೆ. 1952ರಲ್ಲಿ ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ ಅವರು ಮೊಲದ ಮೂಳೆಯಲ್ಲಿ ಕೂರಿಸಿದ್ದ ಟೈಟಾನಿಯಂ ಸಾಧನ ಕೀಳಲು ಹೋದರೆ ಅದು ಬರಲೇ ಇಲ್ಲ. ಇವತ್ತಿನ ಇಂಪ್ಲಾಂಟ್ ಶುರುವಾದದ್ದು ಅಲ್ಲಿಂದ. 1965ರಲ್ಲಿ ಮೊದಲ ರೋಗಿಗೆ ಹಾಕಿದರು.

ಇಂಥ ಮೈಯನ್ನು ನಲ್ಲಿ ನೀರಲ್ಲಿ ತೊಳೆದರೆ ನೀರಿನ ಲವಣ ಕೂರುತ್ತದೆ. ಗ್ಲೌಸ್ ಹಾಕಿದ ಬೆರಳು ತಾಗಿದರೂ ಕಲ್ಮಶ ಅಂಟುತ್ತದೆ. ಅದಕ್ಕೇ ನಾವು ಅದನ್ನು ಕೈಯಲ್ಲಿ ಮುಟ್ಟುವುದೇ ಇಲ್ಲ. ಅದು ಬಂದ ಕೊಳವೆಯಿಂದಲೇ, ಸ್ಕ್ರೂ ತಿರುಗಿಸುವ ಡ್ರೈವರ್‌ನಲ್ಲಿ ಎತ್ತಿ, ತುಟಿಗೂ ಎಂಜಲಿಗೂ ತಾಗಿಸದೆ, ಮೂಳೆಯ ರಂಧ್ರಕ್ಕೇ ಒಯ್ಯುತ್ತೇವೆ. ಅದಕ್ಕೆ ತಾಗುವ ಮೊದಲ ವಸ್ತು ನಿಮ್ಮ ರಕ್ತವಾಗಿರಬೇಕು.

ಒಮ್ಮೆ ನನ್ನ ಕೈಯಿಂದಲೇ ಒಂದು ಸ್ಕ್ರೂ ಜಾರಿ, ಟ್ರೇ ಅಂಚಿಗೆ ತಾಗಿ, ಟಿಣ್ ಅಂತ ನೆಲಕ್ಕೆ ಬಿತ್ತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಸಹಾಯಕಿ ಎತ್ತಿಕೊಂಡು, "ಆಟೋಕ್ಲೇವ್‌ಗೆ ಹಾಕಲಾ ಡಾಕ್ಟ್ರೇ?" ಅಂದಳು. ಆಟೋಕ್ಲೇವ್ ಅಂದರೆ ಒತ್ತಡದ ಬಿಸಿ ಆವಿಯಲ್ಲಿ ಕ್ರಿಮಿ ಕೊಲ್ಲುವ ಮಷಿನ್. ಒಂದು ಕ್ಷಣ ಆಸೆ ಆಗಿದ್ದು ನಿಜ. ಆದರೆ ಬಿದ್ದದ್ದು ಬಿದ್ದಂತೆಯೇ. ಕ್ರಿಮಿ ಸಾಯಬಹುದು, ಮೈ ಮೊದಲಿನಂತೆ ಆಗುವುದಿಲ್ಲ. ಹೊಸ ಪ್ಯಾಕೆಟ್ ಒಡೆದೆವು.

ಈಗ ಅಬಟ್‌ಮೆಂಟ್‌ಗೆ ಬರೋಣ. ಇದು ಎಲ್ಲೆಲ್ಲಿ ಓಡಾಡಿ ಬಂದಿದೆ ಅಂತ ಯೋಚಿಸಿ. ಗಟ್ಟಿ ಟೈಟಾನಿಯಂ ತುಂಡನ್ನು ಮಿಲ್ಲಿಂಗ್ ಮಷಿನ್ ಕೊರೆದಿದೆ. ಅಲ್ಲಿ ಎಣ್ಣೆ ಬೆರೆತ ತಣ್ಣೀರು ಚಿಮ್ಮಿದೆ, ಲೋಹದ ಪುಡಿ ಹಾರಿದೆ. ಆಮೇಲೆ ಟೆಕ್ನೀಷಿಯನ್ ಅದನ್ನು ಕೈಯಲ್ಲಿ ಹಿಡಿದು ಪ್ಲಾಸ್ಟರ್ ಅಚ್ಚಿನ ಮೇಲೆ ಹತ್ತಾರು ಸಲ ಹಾಕಿ ತೆಗೆದಿದ್ದಾರೆ. ಪಾಲಿಶ್ ಪೇಸ್ಟ್ ಹಚ್ಚಿ ಉಜ್ಜಿದ್ದಾರೆ. ಕೊನೆಗೆ ಸ್ಟೀಮ್ ಊದಿ, ಒರೆಸಿ, ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಳಿಸಿದ್ದಾರೆ. ನೋಡಲು ಪಳಪಳ ಅನ್ನುತ್ತದೆ.

ಹಾಗೆ ಪಳಪಳ ಅನ್ನುತ್ತಿದ್ದ ಒಂದನ್ನು ಸುಮ್ನೆ ಕುತೂಹಲಕ್ಕೆ ಗಾಜಿನ ಬೀಕರಿಗೆ ಹಾಕಿ ಅಲ್ಟ್ರಾಸಾನಿಕ್ ಮಷಿನ್‌ನಲ್ಲಿ ಇಟ್ಟಿದ್ದೆ. ಎರಡೇ ನಿಮಿಷ. ಅದನ್ನು ಮೂಳೆಯೊಳಗಿನ ತುಂಡಿಗೆ ಜೋಡಿಸುವ ಚಿಕ್ಕ ಸ್ಕ್ರೂ ಹೋಗುವ ತೂತಿನಿಂದ ಹೊಗೆಯಂತೆ ಬೂದು ಬಣ್ಣ ಎದ್ದು ಬಂತು, ಬೀಕರಿನ ತಳದಲ್ಲಿ ಸಣ್ಣ ಗಸಿ ಕೂತಿತು. ಅದು ಪಾಲಿಶ್ ಪೇಸ್ಟು. ಆ ದಿನದಿಂದ ಹೊಳಪನ್ನು ನಾನು ನಂಬುವುದು ಬಿಟ್ಟೆ.

"ಆಟೋಕ್ಲೇವ್ ಮಾಡಿದರೆ ಸಾಲದಾ?" ಅಂತ ಕೆಲವು ಡಾಕ್ಟರುಗಳೇ ಕೇಳುತ್ತಾರೆ. ಸಾಲದು. ಆಟೋಕ್ಲೇವ್ ಕ್ರಿಮಿ ಕೊಲ್ಲುತ್ತದೆ, ಕೊಳೆ ತೆಗೆಯುವುದಿಲ್ಲ. ಜಿಡ್ಡು ಹಿಡಿದ ಬಾಣಲೆಯನ್ನು ತೊಳೆಯದೆ ಒಲೆ ಮೇಲಿಟ್ಟರೆ ಏನಾಗುತ್ತದೆ? ಜಿಡ್ಡು ಕರಕಲಾಗಿ ಇನ್ನೂ ಗಟ್ಟಿಯಾಗಿ ಕೂರುತ್ತದೆ, ಅಲ್ವಾ? ಹಾಗೇ ಇದೂ. ಜೊತೆಗೆ ಎಣ್ಣೆಯ ಅಡಿ ಅವಿತ ಕ್ರಿಮಿಗೆ ಆವಿ ಸರಿಯಾಗಿ ತಲುಪುವುದೂ ಇಲ್ಲ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೂ ಇದೇ ಕತೆ. ಮೇಲ್ಮೈ ಒರೆಸಿದಂತಾಗುತ್ತದೆ, ತೂತಿನ ಒಳಗೆ ಹತ್ತಿ ಹೋಗಲ್ಲ.

ಸರಿಯಾದ ಕ್ರಮ ಏನೆಂದರೆ, ಮೊದಲು ಲೂಪ್, ಅಂದರೆ ದೊಡ್ಡದಾಗಿ ತೋರಿಸುವ ಕನ್ನಡಕ, ಹಾಕಿಕೊಂಡು ನೋಡಬೇಕು. ಅಂಚಿನಲ್ಲಿ ಅಂಟಿನ ಚೂರು, ತೂತಿನಲ್ಲಿ ಪೇಸ್ಟ್ ಇದ್ದರೆ ಮೆತ್ತನೆ ನೈಲಾನ್ ಬ್ರಶ್ಶಿನಿಂದ ತೆಗೆಯಬೇಕು. ಹಲ್ಲಿನ ಸಂದು ಉಜ್ಜುವ ಪುಟ್ಟ ಬ್ರಶ್ ಆ ತೂತಿಗೆ ಹೇಳಿ ಮಾಡಿಸಿದಂತಿದೆ. ಆಮೇಲೆ ಅಲ್ಟ್ರಾಸಾನಿಕ್. ಅದರ ಶಬ್ದದ ಅಲೆಗಳು ನೀರಿನಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ಗುಳ್ಳೆ ಎಬ್ಬಿಸುತ್ತವೆ. ಅವು ಒಡೆಯುವಾಗ ಸಂದಿಯಲ್ಲಿರುವ ಕೊಳೆಯನ್ನು ಕಿತ್ತು ಹಾಕುತ್ತವೆ. ನಾನು ಮೂರು ಬೀಕರ್ ಇಟ್ಟುಕೊಳ್ಳುತ್ತೇನೆ. ಒಂದರಲ್ಲಿ ಕ್ರಿಮಿನಾಶಕ ಕ್ಲೀನರ್, ಇನ್ನೊಂದರಲ್ಲಿ 80 ಶೇಕಡಾ ಆಲ್ಕೋಹಾಲ್, ಕೊನೆಯದರಲ್ಲಿ ಡಿಸ್ಟಿಲ್ಡ್ ವಾಟರ್. ಒಂದೊಂದರಲ್ಲಿ 5 ನಿಮಿಷ. ಆಲ್ಕೋಹಾಲನ್ನು ಮಾತ್ರ ಮಷಿನ್ ತೊಟ್ಟಿಗೆ ನೇರ ಸುರಿಯಬಾರದು, ಬೆಂಕಿ ಹಿಡಿಯುವ ವಸ್ತು ಅದು. ಮುಚ್ಚಿದ ಬೀಕರಿನಲ್ಲಿ ಹಾಕಿ, ಆ ಬೀಕರನ್ನು ತೊಟ್ಟಿಯ ನೀರಿನಲ್ಲಿ ಇಳಿಸಬೇಕು. ಜೋಡಿಸುವ ಚಿಕ್ಕ ಸ್ಕ್ರೂವಿಗೂ ಇದೇ ಸ್ನಾನ. ಅದನ್ನು ಮರೆಯುವವರೇ ಜಾಸ್ತಿ.

ಇಷ್ಟಾದ ಮೇಲೆ ಒಣಗಿಸಿ, ಪೌಚ್‌ನಲ್ಲಿ ಹಾಕಿ, ಆಟೋಕ್ಲೇವ್. ಸಾಮಾನ್ಯವಾಗಿ 121 ಡಿಗ್ರಿಯಲ್ಲಿ 15ರಿಂದ 20 ನಿಮಿಷ, ಇಲ್ಲವೇ ವ್ಯಾಕ್ಯೂಮ್ ಇರುವ ಮಷಿನ್‌ನಲ್ಲಿ 134 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ. ಬಿಸಿಯಾಗಿ ಏರುವುದು, ಒಣಗುವುದು ಎಲ್ಲ ಸೇರಿದರೆ ನೀವು ಕಾದ ಆ ಒಂದು ಗಂಟೆ ಆಗಿಯೇ ಆಗುತ್ತದೆ. ಜಿರ್ಕೋನಿಯಾ ಎಂಬ ಬಿಳಿ ಸೆರಾಮಿಕ್ಕಿನ ಅಬಟ್‌ಮೆಂಟ್, ಟೈಟಾನಿಯಂ ಬುಡಕ್ಕೆ ಅಂಟಿಸಿದ ಅಬಟ್‌ಮೆಂಟ್ ಆದರೆ ತಯಾರಿಸಿದವರು ಹೇಳಿದ ಬಿಸಿಯನ್ನೇ ಪಾಲಿಸಬೇಕು. ಇನ್ನೊಂದು ಮಾತು. ಟ್ರಯಲ್ ನೋಡಲು ಬಾಯಲ್ಲಿಟ್ಟು ತೆಗೆದರೆ ಎಂಜಲು, ರಕ್ತ ತಾಗಿತು ಅಂತ ಲೆಕ್ಕ. ಮತ್ತೆ ಮೊದಲಿನಿಂದ.

ಇಷ್ಟೆಲ್ಲ ರಗಳೆ ಯಾಕೆ ಅಂದರೆ, ಒಸಡಿನ ಕಾರಣಕ್ಕೆ. ನಿಜವಾದ ಹಲ್ಲಿನ ಬೇರಿಗೆ ಒಸಡಿನ ನಾರುಗಳು ನಾಟಿಕೊಂಡಿರುತ್ತವೆ. ಅಬಟ್‌ಮೆಂಟ್‌ಗೆ ಹಾಗೆ ನಾಟುವುದಿಲ್ಲ, ಸುತ್ತ ಪಟ್ಟಿ ಕಟ್ಟಿದಂತೆ ಬಿಗಿಯಾಗಿ ಕೂರುತ್ತವೆ ಅಷ್ಟೇ. ಬಾಯಿಯ ಕ್ರಿಮಿಗೂ ಒಳಗಿನ ಮೂಳೆಗೂ ನಡುವೆ ಇರುವ ಬಾಗಿಲು ಆ ಕೆಲವು ಮಿಲಿಮೀಟರ್ ಒಸಡು ಮಾತ್ರ. ಅದು ಅಂಟಿಕೊಳ್ಳಬೇಕಾದ ಜಾಗದಲ್ಲೇ ಎಣ್ಣೆ, ಪುಡಿ ಇದ್ದರೆ ಹಿಡಿತ ಸಡಿಲ. ಹಾಗಂತ ಇಂಪ್ಲಾಂಟ್ ಹಾಳಾದಾಗಲೆಲ್ಲ ಲ್ಯಾಬಿನ ಕೊಳೆಯ ಕಡೆ ಬೊಟ್ಟು ಮಾಡುವುದು ನ್ಯಾಯವಲ್ಲ. ಸರಿಯಾಗಿ ಬ್ರಶ್ ಮಾಡದಿರುವುದು, ಸಿಗರೇಟು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಒಸಡಿನಡಿ ಉಳಿದ ಸಿಮೆಂಟ್, ಇವೆಲ್ಲ ಮಾಡುವ ಹಾನಿ ದೊಡ್ಡದು.

ನೀವು ಕೇಳದೇ ಇದ್ದರೂ ಒಂದು ವಿಷಯ ಹೇಳಿಬಿಡುತ್ತೇನೆ. ಮಧ್ಯದ ತಿಂಗಳುಗಳಲ್ಲಿ ಒಸಡಿಗೆ ಆಕಾರ ಕೊಡಲು ಹಾಕುವ ಹೀಲಿಂಗ್ ಕ್ಯಾಪನ್ನು ಕೆಲವು ಕಡೆ ತೊಳೆದು ಇನ್ನೊಬ್ಬರಿಗೆ ಹಾಕುವುದುಂಟು. ಹಾಗೆ ತೊಳೆದು ಆಟೋಕ್ಲೇವ್ ಮಾಡಿದ ಕ್ಯಾಪ್‌ಗಳಿಗೆ, ಎಂಜಲು, ರಕ್ತದ ಪ್ರೋಟೀನ್ ಉಳಿದಿದ್ದರೆ ಅದಕ್ಕೆ ಅಂಟಿ ಗುಲಾಬಿಯಾಗಿ ಕಾಣಿಸುವ ಬಣ್ಣ ಹಚ್ಚಿ ಸಂಶೋಧಕರು ನೋಡಿದ್ದಾರೆ. ಡ್ರೈವರ್ ಕೂರುವ ಗುಂಡಿಯಲ್ಲಿ, ಸ್ಕ್ರೂ ಸುರುಳಿಯಲ್ಲಿ ಗುಲಾಬಿ ಬಣ್ಣ ಉಳಿದೇ ಇತ್ತು. ನನ್ನ ಮಟ್ಟಿಗೆ ಅದು ಒಬ್ಬರಿಗೆ ಒಂದೇ.

ಪ್ಯಾಕೆಟ್ ಮೇಲೆ 2 ಅಂಕಿಗೆ ಅಡ್ಡಗೀಟು ಹಾಕಿದ ಗುರುತು ಇದ್ದರೆ, ಒಮ್ಮೆ ಮಾತ್ರ ಬಳಸಿ ಎಂದರ್ಥ. ಮರಳು ಗಡಿಯಾರದ ಚಿತ್ರದ ಪಕ್ಕ ಇರುವುದು ಅವಧಿ ಮುಗಿಯುವ ದಿನ. ಲಾಟ್ ನಂಬರ್ ಇರುವ ಸ್ಟಿಕರನ್ನು ಡಾಕ್ಟರು ನಿಮ್ಮ ಫೈಲಿಗೆ ಅಂಟಿಸಿರುತ್ತಾರೆ. ಮುಂದಿನ ಸಲ ಹೋದಾಗ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಎಷ್ಟೋ ವರ್ಷದ ಮೇಲೆ ಬೇರೆ ಊರಿನಲ್ಲಿ ಆ ಚಿಕ್ಕ ಸ್ಕ್ರೂ ಸಡಿಲವಾದರೆ, ಯಾವ ಕಂಪನಿಯದು, ಯಾವ ಅಳತೆಯದು ಅಂತ ಅಲ್ಲಿನ ಡಾಕ್ಟರು ಮೊದಲು ಕೇಳುವುದು ಅದನ್ನೇ.