ಸೆರೊಟೋನಿನ್: ಕರುಳಿನ ರಸಾಯನಕ್ಕೂ ಹೃದಯದ ಕವಾಟಕ್ಕೂ ಇರುವ ನಂಟು

ಸೆರೊಟೋನಿನ್ ಎಂದ ಕೂಡಲೇ ‘ಖುಷಿಯ ಹಾರ್ಮೋನು’ ಎನ್ನುವವರೇ ಹೆಚ್ಚು. ಆದರೆ ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90 ಇರುವುದು ಕರುಳಿನಲ್ಲಿ. 1948ರಲ್ಲಿ ಇದನ್ನು ರಕ್ತದ ಸೀರಂನಿಂದ ಬೇರ್ಪಡಿಸಿದರು, ಹೆಸರೂ ಅಲ್ಲಿಂದಲೇ ಬಂತು. ಇದಕ್ಕೆಂದೇ ಒಂದು ಗ್ರಂಥಿಯಿಲ್ಲ.

ಹೃದಯದ ಕವಾಟ ಮುಖ್ಯವಾಗಿ ಸಂಯೋಜಕ ಅಂಗಾಂಶದ್ದು, ಅಂದರೆ ದೇಹದ ಭಾಗಗಳನ್ನು ಹಿಡಿದಿಡುವ ಅಂಗಾಂಶದ್ದು. ಅದರ ಜೀವಕೋಶಗಳ ಮೇಲೆ ಸೆರೊಟೋನಿನ್ ಬಂದು ಅಂಟುವ 5-ಎಚ್‌ಟಿ-2ಬಿ ಎಂಬ ಗ್ರಾಹಕವಿದೆ. ಸೆರೊಟೋನಿನ್ ಬಹುಕಾಲ ಅದನ್ನು ಕೆಣಕುತ್ತಲೇ ಇದ್ದರೆ ಕೋಶಗಳ ಬೆಳವಣಿಗೆಗೆ ಸೂಚನೆ ಕೊಡುವ ಟಿಜಿಎಫ್-ಬೀಟಾ ಎಂಬ ಪ್ರೊಟೀನು ಹೆಚ್ಚಿ, ಕೋಶಗಳು ಬೇಡವಾದ ಕೊಲಾಜೆನ್ ಎಂಬ ನಾರಿನ ಪ್ರೊಟೀನು ನೇಯತೊಡಗುತ್ತವೆ. ಕವಾಟದ ತೆಳ್ಳಗಿದ್ದ ದಳ ದಪ್ಪಗಾಗಿ, ಮುದುಡಿ, ಪೂರ್ತಿ ಮುಚ್ಚುವುದಿಲ್ಲ; ರಕ್ತ ಹಿಂದಕ್ಕೆ ಸೋರುತ್ತದೆ. ತೂಕ ಇಳಿಸಲು ಕೊಡುತ್ತಿದ್ದ ಫೆನ್‌ಫ್ಲೂರಮೀನ್ ಮಾತ್ರೆ 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿದ್ದದ್ದು ಕವಾಟದ ಹಾನಿಯಿಂದಲೇ. ದೇಹದಲ್ಲಿ ಅದು ಒಡೆದು ಆಗುವ ವಸ್ತು ಇದೇ ಗ್ರಾಹಕವನ್ನು ಕೆಣಕುತ್ತದೆ.

ಸೆರೊಟೋನಿನ್ ಸುರಿಸುವ ಕರುಳಿನ ಕಾರ್ಸಿನಾಯ್ಡ್ ಗಡ್ಡೆ ಯಕೃತ್ತಿಗೆ ಹರಡಿದವರಲ್ಲಿ ಸಾಮಾನ್ಯವಾಗಿ ಕೆಡುವುದು ಹೃದಯದ ಬಲಭಾಗದ ಕವಾಟಗಳು. ಎಡಭಾಗಕ್ಕೆ ಹೋಗುವ ಮುನ್ನ ರಕ್ತ ಶ್ವಾಸಕೋಶ ದಾಟಬೇಕು, ಅಲ್ಲಿ ಸೆರೊಟೋನಿನ್ ಒಡೆದುಹೋಗುತ್ತದೆ.

ಈ ಗಡ್ಡೆಯ ಪತ್ತೆಗೆ, ಸೆರೊಟೋನಿನ್ ಹಾಗೆ ಒಡೆದು ಉಳಿಯುವ 5-ಎಚ್‌ಐಎಎ ಎಂಬ ವಸ್ತು ಎಷ್ಟಿದೆ ಎಂದು 24 ಗಂಟೆಯ ಮೂತ್ರದಲ್ಲಿ ಅಳೆಯುತ್ತಾರೆ. ಮುಂಬಯಿಯ ನಮ್ಮವರು ಎಡವುವುದು ಇಲ್ಲಿ. ಪರೀಕ್ಷೆಗೆ ಮೂರು ದಿನ ಮೊದಲಿನಿಂದ ಮೂತ್ರ ಹಿಡಿದು ಮುಗಿಯುವ ತನಕ ಬಾಳೆಹಣ್ಣು, ಅನಾನಸ್, ಟೊಮೆಟೊ, ಬದನೆ, ಅಕ್ರೋಟು ಬಿಡಬೇಕು. ಬಾಳೆಹಣ್ಣು ಬಿಟ್ಟವರೇ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಬನ್ಸ್ ತಿಂದು ಬರುತ್ತಾರೆ. ಅದರ ಹಿಟ್ಟು ಕಲಸುವುದೇ ಕಳಿತ ಬಾಳೆಹಣ್ಣಿನಲ್ಲಿ! ಪೈನಾಪಲ್ ಶೀರಾ, ಟೊಮೆಟೊ ಸಾರು ಕೂಡ ಬೇಡ. ಬಾಳೆಹಣ್ಣು ಕವಾಟ ಕೆಡಿಸುತ್ತದೆ ಎಂದಲ್ಲ, ಅದರ ಸೆರೊಟೋನಿನ್ ಒಡೆದು ಮೂತ್ರಕ್ಕೆ ಸೇರಿ ಲೆಕ್ಕ ತಪ್ಪಿಸುತ್ತದೆ, ಅಷ್ಟೆ. ಪ್ಯಾರಾಸಿಟಮಾಲ್, ಕೆಲವು ಕೆಮ್ಮಿನ ಸಿರಪ್‌ಗಳಿಂದಲೂ ಅಂಕಿ ಏರುಪೇರಾಗಬಹುದು. ಏನು ತೆಗೆದುಕೊಳ್ಳುತ್ತಿದ್ದೀರಿ ಎಂದು ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಮೊದಲ ದಿನ ಬೆಳಗ್ಗೆ ಎದ್ದೊಡನೆ ಬಂದ ಮೂತ್ರವನ್ನು ಬಿಟ್ಟು ಹೊತ್ತು ಬರೆದಿಡಿ. ಅಲ್ಲಿಂದ ಮರುದಿನ ಅದೇ ಹೊತ್ತಿನದೂ ಸೇರಿ ಎಲ್ಲವೂ ಕ್ಯಾನಿಗೆ. ಲ್ಯಾಬಿನವರು ತಳದಲ್ಲಿ ಹಾಕಿ ಕೊಟ್ಟದ್ದು ಆ್ಯಸಿಡ್. ಚೆಲ್ಲಬೇಡಿ, ಮಗ್ಗಿನಲ್ಲಿ ಹಿಡಿದು ನಿಧಾನ ಸುರಿಯಿರಿ. ಒಂದು ಸಲ ಮರೆತರೂ ಅಂಕಿ ಕಡಿಮೆ ಬರುತ್ತದೆ, ಮತ್ತೆ ಮೊದಲಿಂದ ಹಿಡಿಯಬೇಕು. ಕವಾಟ ಎಷ್ಟು ದಪ್ಪಗಾಗಿದೆ ಎಂಬುದನ್ನು ಮಾತ್ರ ಮೂತ್ರ ಹೇಳುವುದಿಲ್ಲ, ಅದಕ್ಕೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ, ಮಾಡಿಸಬೇಕು.