‘ಮೂಕಿ’ ಎಂದರೆ ಮಾತಿಲ್ಲದ್ದಲ್ಲ

ಸಿನಿಮಾ ಪ್ರಶಸ್ತಿಗಳ ಕಾಲ ಬಂತೆಂದರೆ ‘ದಿ ಆರ್ಟಿಸ್ಟ್’ ಎಂಬ ಮೂಕಿ ಚಿತ್ರದ ಹೆಸರು ಮತ್ತೆ ಓಡಾಡುತ್ತದೆ. ಅದರ ಬೆನ್ನಿಗೇ ‘ನಮ್ಮ ಪುಷ್ಪಕ ವಿಮಾನವೂ ಮೂಕಿಯೇ ಅಲ್ಲವೇ’ ಎಂಬ ಮಾತೂ ಬರುತ್ತದೆ. ಅಲ್ಲ. ಅವೆರಡೂ ತದ್ವಿರುದ್ಧ ಜಾತಿಯವು.

ಗೊಂದಲದ ಬೇರು ಪದದಲ್ಲೇ ಇದೆ. ಸಂಸ್ಕೃತದ ‘ಮೂಕ’ ಎಂದರೆ ಮಾತು ಬಾರದವನು; ತದ್ಭವವಾಗಿ ಅದು ನಮ್ಮಲ್ಲಿ ಮೂಗ, ಮೂಗಿ. ಸಿನಿಮಾದ ‘ಮೂಕಿ’ಯ ಕೊನೆಯ ಇಕಾರ ಸ್ತ್ರೀಲಿಂಗದ್ದಲ್ಲ, ‘ಟಾಕಿ’ಗೆ, ಅಂದರೆ ಮಾತಿನ ಚಿತ್ರಕ್ಕೆ, ಪ್ರಾಸವಾಗಿ ಬಂದದ್ದು. ಟಾಕಿ ಬರುವ ತನಕ ಈ ವಿಶೇಷಣವೇ ಬೇಕಿರಲಿಲ್ಲ, ಚಿತ್ರವೆಂದರೆ ಚಿತ್ರ ಅಷ್ಟೆ. ಇಂಗ್ಲಿಷಿನ ‘ಸೈಲೆಂಟ್’ ಸದ್ದಿಲ್ಲ ಅನ್ನುತ್ತದೆ, ನಮ್ಮ ಪದ ಮಾತಿಲ್ಲ ಅನ್ನುತ್ತದೆ. ಎಡವುವುದು ಇಲ್ಲೇ.

ಮೂಕಿ ಚಿತ್ರದ ಪಾತ್ರಗಳು ಧಾರಾಳವಾಗಿ ಮಾತನಾಡುತ್ತವೆ. ತುಟಿಗಳು ಆಡುತ್ತಲೇ ಇರುತ್ತವೆ. ತೀರಾ ಬೇಕಾದ ಮಾತು ಬರಹದ ಫಲಕವಾಗಿ ತೆರೆಗೆ ಬರುತ್ತದೆ, ಉಳಿದದ್ದನ್ನು ಮುಖ ನೋಡಿ ತಿಳಿಯಬೇಕು. ಇಲ್ಲದಿರುವುದು ದೃಶ್ಯಕ್ಕೆ ಹೊಂದಿಸಿದ ಮಾತು ಮತ್ತು ಸದ್ದು. ಸಂಗೀತವಂತೂ ಅಂದೂ ಇತ್ತು, ಚಿತ್ರಮಂದಿರದಲ್ಲೇ ಕೂತು ನುಡಿಸುತ್ತಿದ್ದರು.

1987ರ ಪುಷ್ಪಕ ವಿಮಾನದಲ್ಲಿ ಸದ್ದು ತುಂಬಿದೆ, ಮಾತು ಮಾತ್ರ ಇಲ್ಲ. ಐಷಾರಾಮಿ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬಾರದ ನಾಯಕ ತನ್ನ ಹಳೆಯ ವಾಸದ ಗದ್ದಲವನ್ನು ಟೇಪಿನಲ್ಲಿ ಹಿಡಿದು ತಂದು ಕೇಳುತ್ತಾನೆ. ಈ ಪ್ರಸಂಗ ಮೂಕಿಯಲ್ಲಿ ಹುಟ್ಟುವುದೇ ಸಾಧ್ಯವಿಲ್ಲ. ಪುಷ್ಪಕ ವಿಮಾನವನ್ನು ‘ಸಂಭಾಷಣೆಯಿಲ್ಲದ ಚಿತ್ರ’ ಎನ್ನಿ, ಅದರ ಸಾಧನೆ ಆಗಲೇ ಸರಿಯಾಗಿ ಕಾಣುವುದು.

2011ರ ‘ದಿ ಆರ್ಟಿಸ್ಟ್’ ಮೂಕಿಯ ವ್ಯಾಕರಣವನ್ನೇ ಹಿಡಿಯಿತು. ಸೆಕೆಂಡಿಗೆ 22 ಫ್ರೇಮಿನಲ್ಲಿ (ಫ್ರೇಮ್ ಎಂದರೆ ಒಂದು ಬಿಡಿ ಚಿತ್ರ) ಚಿತ್ರೀಕರಿಸಿ 24ರಲ್ಲಿ ಓಡಿಸಿದ್ದರಿಂದ ಚಲನೆಗೆ ಸುಮಾರು ಶೇ 9ರಷ್ಟು ಚುರುಕು ಬಂದಿದೆ. (18ರಲ್ಲಿ ತೆಗೆದ ಹಳೆಯ ರೀಲನ್ನು 24ರಲ್ಲಿ ಓಡಿಸಿದರೆ ವೇಗ ಮೂರನೇ ಒಂದು ಭಾಗ ಏರಿ ಎಲ್ಲರೂ ಗೊಂಬೆಗಳಂತೆ ಓಡುತ್ತಾರೆ. ಅದು ತಪ್ಪು ವೇಗದ ಫಲ, ಆ ಕಾಲದ ಶೈಲಿ ಎಂದು ನಂಬಬೇಡಿ.) ‘ದಿ ಆರ್ಟಿಸ್ಟ್’ ಅನ್ನು ಬಣ್ಣದ ಫಿಲ್ಮಿನಲ್ಲಿ ತೆಗೆದು ಕಪ್ಪು-ಬಿಳುಪಿಗೆ ಇಳಿಸಿದ್ದಾರೆ. ಚೌಕಟ್ಟಿನ ಅಗಲ-ಎತ್ತರದ ಅನುಪಾತ 1.33:1; ಇಂದಿನ ಅಗಲ ಟಿವಿಯಲ್ಲಿ ‘ಪೂರ್ಣ ಪರದೆ’ಗೆ ಎಳೆದರೆ ಮುಖ ಅಗಲವಾಗುತ್ತದೆ, ಇಲ್ಲವೇ ತಲೆ ಕತ್ತರಿಸಿಹೋಗುತ್ತದೆ. ಅಕ್ಕಪಕ್ಕದ ಕಪ್ಪು ಪಟ್ಟಿ ಇರಲಿ ಬಿಡಿ. ಮೂಕಿ ತಾನೇ ಎಂದು ದನಿ ತಗ್ಗಿಸಿಯೂ ನೋಡಬೇಡಿ: ನಾಯಕನ ದುಃಸ್ವಪ್ನದಲ್ಲಿ ಮೇಜಿನ ಮೇಲಿಟ್ಟ ಲೋಟ ಇದ್ದಕ್ಕಿದ್ದಂತೆ ಸದ್ದು ಮಾಡುತ್ತದೆ, ಅವನ ಗಂಟಲಿನಿಂದ ಮಾತ್ರ ದನಿ ಹೊರಡುವುದಿಲ್ಲ. ಅಷ್ಟು ಹೊತ್ತಿನ ನಿಶ್ಶಬ್ದಕ್ಕೆ ಅರ್ಥ ಬರುವುದೇ ಅಲ್ಲಿ.

2012ರ ಆಸ್ಕರ್‌ನಲ್ಲಿ ಅದಕ್ಕೆ 10 ನಾಮನಿರ್ದೇಶನ, 5 ಪ್ರಶಸ್ತಿ. ಆ ಹತ್ತರಲ್ಲಿ ಮೂಲ ಚಿತ್ರಕಥೆಯೂ ಇತ್ತು. ಮಾತಿಲ್ಲದ ಚಿತ್ರಕ್ಕೆ ಚಿತ್ರಕಥೆಯ ಗೌರವ ಹೇಗೆ ಎಂದು ಕೇಳುವವರು ಚಿತ್ರಕಥೆಯನ್ನೂ ಸಂಭಾಷಣೆಯನ್ನೂ ಒಂದೇ ಅಂದುಕೊಂಡಿದ್ದಾರೆ. ಯಾವ ಮುಖ ಎಷ್ಟು ಹೊತ್ತು ತೆರೆಯ ಮೇಲೆ ನಿಲ್ಲಬೇಕು, ಫಲಕ ಎಲ್ಲಿ ಬರಬೇಕು, ಎಲ್ಲಿ ಬರಲೇಬಾರದು ಎಂಬುದೂ ಬರೆಯುವ ಕೆಲಸವೇ.