ನಾನು ವಿಜ್ಞಾನ ಪಾಠ ಮಾಡುವವಳು, ಓದು-ಬರಹ ಕಲಿಸುವುದೂ ನನ್ನ ಕೆಲಸವಾ?

ಓದುಗರ ಪ್ರಶ್ನೆ: ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಇಡೀ ಶಾಲೆಯ ಮಕ್ಕಳ ಓದು-ಬರಹ ಸುಧಾರಿಸಬೇಕು, ಅದಕ್ಕೆ ಎಲ್ಲ ವಿಷಯದವರೂ ಕೈಜೋಡಿಸಬೇಕು ಎನ್ನುತ್ತಿದ್ದಾರೆ. ಅದು ಭಾಷಾ ಶಿಕ್ಷಕರ ಕೆಲಸ ಅಲ್ವಾ? ನನ್ನ ಪಾಠ ಮುಗಿಸುವುದಕ್ಕೇ ಸಮಯ ಸಾಲುತ್ತಿಲ್ಲ.

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ವ್ಯಾಕರಣ ಪಾಠ ಮಾಡುವುದು, ಪ್ರತಿ ಕಾಗುಣಿತ ತಪ್ಪಿಗೂ ಕೆಂಪು ಗೆರೆ ಎಳೆಯುವುದು ನಿಮ್ಮ ಕೆಲಸವಲ್ಲ. ಆದರೆ ವಿಜ್ಞಾನದ ಪುಟವನ್ನು ಓದುವುದು ಹೇಗೆ, ವಿಜ್ಞಾನದ ಉತ್ತರವನ್ನು ಬರೆಯುವುದು ಹೇಗೆ ಎಂದು ನಿಮ್ಮಷ್ಟು ಚೆನ್ನಾಗಿ ಹೇಳಿಕೊಡುವವರು ಶಾಲೆಯಲ್ಲಿ ಬೇರೆ ಯಾರಿದ್ದಾರೆ?

ನಿಮ್ಮ ಪಾಠದ್ದೇ ಮೂರು ಪದ ನೋಡಿ: ಬಲ, ಶಕ್ತಿ, ಸಾಮರ್ಥ್ಯ. ದಿನದ ಮಾತಿನಲ್ಲಿ ಇವು ಹೆಚ್ಚುಕಡಿಮೆ ಒಂದೇ. "ಅವನಿಗೆ ಬಲ ಜಾಸ್ತಿ" ಅಂದರೂ "ಶಕ್ತಿ ಜಾಸ್ತಿ" ಅಂದರೂ ಕೇಳಿದವರಿಗೆ ವ್ಯತ್ಯಾಸ ಕಾಣುವುದಿಲ್ಲ. ಭೌತವಿಜ್ಞಾನದಲ್ಲಿ ಮೂರೂ ಬೇರೆ ಬೇರೆ. ಬಲಕ್ಕೆ ನ್ಯೂಟನ್, ಶಕ್ತಿಗೆ ಜೂಲ್, ಸಾಮರ್ಥ್ಯಕ್ಕೆ ವ್ಯಾಟ್. 'ಕೆಲಸ' ಇನ್ನೂ ಮೋಸದ ಪದ. ಭಾರದ ಚೀಲವನ್ನು ಅಲುಗಾಡದೆ ಹಿಡಿದು ನಿಂತವನ ತೋಳು ಸೋತುಹೋಗುತ್ತದೆ. ಚೀಲ ಕದಲಲೇ ಇಲ್ಲವಾದ್ದರಿಂದ, ಪುಸ್ತಕದ ಲೆಕ್ಕದಲ್ಲಿ ಮಾತ್ರ ಅವನು ಚೀಲದ ಮೇಲೆ ಮಾಡಿದ ಕೆಲಸ ಸೊನ್ನೆ. 'ದ್ಯುತಿಸಂಶ್ಲೇಷಣೆ'ಯಂಥ ಪದ ಬಂದರೆ ಮಕ್ಕಳೇ ನಿಲ್ಲಿಸಿ ಕೇಳುತ್ತಾರೆ. 'ಕೆಲಸ' ಎಂದರೇನು ಎಂದು ಯಾರೂ ಕೇಳುವುದಿಲ್ಲ. ಅರ್ಥವಾಗಿದೆ ಎಂದುಕೊಂಡೇ ಮುಂದೆ ಹೋಗುತ್ತಾರೆ, ಪರೀಕ್ಷೆಯಲ್ಲಿ ಎಡವುತ್ತಾರೆ. ಆಗ ನಾವು "ಇವನಿಗೆ ವಿಜ್ಞಾನ ಬರೋದಿಲ್ಲ" ಅನ್ನುತ್ತೇವೆ.

ಗಣಿತದಲ್ಲಂತೂ ಒಂದು ಪ್ರತ್ಯಯವೇ ಉತ್ತರವನ್ನು ಬದಲಿಸುತ್ತದೆ. ಬಡ್ಡಿ ದರ ಶೇಕಡಾ 10 ಇತ್ತು. ಅದು "ಶೇಕಡಾ 12ಕ್ಕೆ ಏರಿತು" ಅಂದರೆ ಹೊಸ ದರ 12. "ಶೇಕಡಾ 12ರಷ್ಟು ಏರಿತು" ಅಂದರೆ ಹೊಸ ದರ 11.2. ಗುಣಾಕಾರ ಭಾಗಾಕಾರ ಚೆನ್ನಾಗಿ ಬರುವ ಹುಡುಗಿಯೂ ಇಲ್ಲಿ ತಪ್ಪುತ್ತಾಳೆ. ಅವಳು ತಪ್ಪಿದ್ದು ಲೆಕ್ಕದಲ್ಲಲ್ಲ, ಓದಿನಲ್ಲಿ.

ಓದು-ಬರಹದ ಕಲಿಕೆಯನ್ನು ಅಧ್ಯಯನ ಮಾಡುವ ಅಮೆರಿಕದ ಟಿಮೊತಿ ಶಾನಹಾನ್ ಮತ್ತು ಸಿಂತಿಯಾ ಶಾನಹಾನ್ ಇದೇ ವಿಷಯದ ಮೇಲೆ 2008ರಲ್ಲಿ ಒಂದು ಲೇಖನ ಪ್ರಕಟಿಸಿದರು. ಗಣಿತಜ್ಞರು, ರಸಾಯನವಿಜ್ಞಾನಿಗಳು, ಇತಿಹಾಸಕಾರರು ತಮ್ಮ ತಮ್ಮ ಕ್ಷೇತ್ರದ ಬರಹವನ್ನು ಹೇಗೆ ಓದುತ್ತಾರೆ ಎಂದು ಅವರು ಗಮನಿಸಿದ್ದರು. ಗಣಿತದವರು ಒಂದೊಂದು ಚಿಕ್ಕ ಪದವನ್ನೂ ಬಿಡದೆ, ಮತ್ತೆ ಮತ್ತೆ ಓದುತ್ತಾರೆ. ರಸಾಯನವಿಜ್ಞಾನದವರ ಕಣ್ಣು ಸಾಲಿನಿಂದ ಚಿತ್ರಕ್ಕೆ, ಚಿತ್ರದಿಂದ ಸೂತ್ರಕ್ಕೆ ಓಡಾಡುತ್ತಲೇ ಇರುತ್ತದೆ. ಇತಿಹಾಸಕಾರರು ಬರೆದವರು ಯಾರು, ಅವರ ನಿಲುವೇನು ಎಂದು ಹುಡುಕುತ್ತಾರೆ. ಓದು ಒಂದೇ ಬಗೆಯದಲ್ಲ. ಹಾಗಿರುವಾಗ ಎಲ್ಲ ತರಗತಿಗೂ ಒಂದೇ 'ಓದುವ ತಂತ್ರ' ಹಂಚಿ, ಗೋಡೆಗೆ ವಾರಕ್ಕೊಂದು ಪದ ಅಂಟಿಸಿದರೆ ಏನೂ ಆಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶಿಕ್ಷಕರಿಗೆ ಇಂಥ ಯೋಜನೆಗಳ ಮೇಲೆ ಬೇಸರ ಬಂದಿರುವುದೂ ಬಹುಪಾಲು ಇದರಿಂದಲೇ.

ಈ ಮಾತು ಹೊಸದೇನಲ್ಲ. ಎಲ್ಲ ವಿಷಯಗಳಲ್ಲೂ ಭಾಷೆಗೆ ಗಮನ ಕೊಡುವ ನೀತಿ ಪ್ರತಿ ಶಾಲೆಗೂ ಬೇಕು ಎಂದು ಭಾಷಾ ಕಲಿಕೆಯನ್ನು ಪರಿಶೀಲಿಸಲು ಬ್ರಿಟನ್ನಿನ ಸರ್ಕಾರ ನೇಮಿಸಿದ್ದ ಬುಲಕ್ ಸಮಿತಿ 1975ರಲ್ಲೇ ಹೇಳಿತ್ತು. ಯಾವ ಬೋಧನಾ ವಿಧಾನ ಫಲ ಕೊಡುತ್ತದೆ ಎಂದು ಪರಿಶೀಲಿಸುವ ಇಂಗ್ಲೆಂಡಿನ ಸಂಸ್ಥೆ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್ ಆಮೇಲೆ ಮಾಧ್ಯಮಿಕ ಶಾಲೆಗಳಿಗೆ ಏಳು ಸಲಹೆ ಕೊಟ್ಟಿತು. ಮೊದಲನೆಯದೇ ಇದು: ಆಯಾ ವಿಷಯದ ಓದು-ಬರಹವನ್ನು ಆಯಾ ವಿಷಯದ ತರಗತಿಯಲ್ಲೇ ಕಲಿಸಿ.

ಇನ್ನು ಸಮಯದ ಮಾತು. ಹೊಸ ಪಾಠ ಸೇರಿಸಬೇಡಿ, ಇರುವ ಪಾಠದಲ್ಲೇ ಒಂದು ಪುಟ ಆರಿಸಿಕೊಳ್ಳಿ. ಓದುವ ಮೊದಲು ಎರಡೋ ಮೂರೋ ಪದ ಬಿಡಿಸಿ. ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸುವುದು. ಇಷ್ಟು ಹೇಳಿದರೆ ಆ ಉದ್ದ ಪದದ ಭಯ ಹೋಗುತ್ತದೆ, ಮುಂದೊಂದು ದಿನ 'ದ್ಯುತಿವಿದ್ಯುತ್' ಬಂದಾಗ ಅರ್ಧ ಅರ್ಥ ಅವರ ಕೈಯಲ್ಲೇ ಇರುತ್ತದೆ. ಆಮೇಲೆ ಒಂದು ಪ್ಯಾರಾವನ್ನು ನೀವೇ ಗಟ್ಟಿಯಾಗಿ ಓದಿ. ಸುಮ್ನೆ ಓದಬೇಡಿ, ನಿಮ್ಮ ತಲೆಯಲ್ಲಿ ಓಡುವುದನ್ನೂ ಹೇಳುತ್ತಾ ಓದಿ. "ಇಲ್ಲಿ 'ಇದು' ಅಂತ ಬಂತು, ಯಾವುದು ಇದು? ಹಿಂದಿನ ಸಾಲಿಗೆ ಹೋಗೋಣ." "ಈ ವಾಕ್ಯ ಚಿತ್ರ ನೋಡದೆ ಅರ್ಥವಾಗಲ್ಲ, ಚಿತ್ರ ನೋಡೋಣ." ಚೆನ್ನಾಗಿ ಓದುವವರು ಒಳಗೊಳಗೇ ಇದನ್ನೆಲ್ಲ ಮಾಡುತ್ತಾರೆ. ಓದು ಕಷ್ಟವಾದ ಮಗುವಿಗೆ ಹೀಗೆ ಮಾಡಬೇಕೆಂದೇ ಗೊತ್ತಿರುವುದಿಲ್ಲ.

ಬರಹಕ್ಕೂ ಪುಟಗಟ್ಟಲೆ ಬೇಡ. "ಮಂಜುಗಡ್ಡೆ ನೀರಿನ ಮೇಲೆ ತೇಲುತ್ತದೆ, ಏಕೆಂದರೆ..." ಎಂದು ಕೊಟ್ಟು ಮುಗಿಸಲು ಹೇಳಿ. ಮುಂದಿನ ಸಲ ಅದೇ ವಾಕ್ಯಕ್ಕೆ "ಹಾಗಾಗಿ" ಕೊಡಿ. ಯಾರಿಗೆ ಅರ್ಥವಾಗಿದೆ, ಯಾರು ಬಾಯಿಪಾಠ ಮಾಡಿದ್ದಾರೆ ಎಂದು ಆ ಒಂದು ಸಾಲಿನಲ್ಲೇ ಕಾಣುತ್ತದೆ.

ನಿಮ್ಮ ಪಾಠಕ್ಕೂ ಓದಿಗೂ ಇನ್ನೊಂದು ನಂಟಿದೆ. 1988ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಸಂಶೋಧಕರಾದ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಏಳು-ಎಂಟನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ವಿವರಣೆ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಹೆಚ್ಚು ನೆನಪಿಟ್ಟುಕೊಂಡರು. ವಿಷಯ ಗೊತ್ತಿದ್ದರೆ ಓದು ತಾನಾಗಿ ಹಗುರವಾಗುತ್ತದೆ. ನೀವು ಚೆನ್ನಾಗಿ ಮಾಡಿದ ವಿಜ್ಞಾನದ ಪಾಠ ಮಗುವಿನ ಮುಂದಿನ ಓದಿಗೂ ಬಂಡವಾಳ.

ಇಷ್ಟಾದರೂ ಕೆಲವು ಮಕ್ಕಳಿಗೆ ತರಗತಿಯ ಪಾಠ ಮಾತ್ರ ಸಾಲದು. ಅವರಿಗೆ ಬೇರೆಯೇ ನೆರವು ಬೇಕು, ಅದನ್ನು ತರಬೇತಿ ಪಡೆದವರು ವಾರಕ್ಕೆ ಹಲವು ಸಲ ಕೊಡಬೇಕು. ಇಲ್ಲಿ ನಿಮ್ಮಿಂದ ಆಗುವ ಸಹಾಯವೆಂದರೆ ಗುರುತಿಸುವುದು. ಓದಿ ಅರ್ಥವಾಗದ ಪ್ಯಾರಾವನ್ನು ನೀವೇ ಆ ಮಗುವಿಗೆ ಓದಿ ಹೇಳಿ. ಕೇಳಿದಾಗ ಅರ್ಥವಾದರೆ, ತೊಡಕು ಅಕ್ಷರ ಬಿಡಿಸಿ ಓದುವುದರಲ್ಲಿರಬಹುದು. ಕೇಳಿದರೂ ಅರ್ಥವಾಗದಿದ್ದರೆ, ಪದಗಳಲ್ಲೋ ವಿಷಯದಲ್ಲೋ ಕೊರತೆಯಿರಬಹುದು. ಎರಡಕ್ಕೂ ಮದ್ದು ಬೇರೆ, ಎರಡೂ ಸೇರಿರುವ ಮಕ್ಕಳೂ ಉಂಟು. ಹಾಗೆ ನೋಡದೆ ಎಲ್ಲರನ್ನೂ ಒಂದೇ 'ಹೆಚ್ಚುವರಿ ತರಗತಿ'ಯಲ್ಲಿ ಕೂರಿಸಿದರೆ ಮಕ್ಕಳ ಸಮಯ ಹಾಳು.

ಆ ತರಗತಿಗೆಂದು ಮಗುವನ್ನು ಅದು ಇಷ್ಟಪಡುವ ಆಟದ ಅಥವಾ ಚಿತ್ರಕಲೆಯ ಪೀರಿಯಡ್‌ನಿಂದ ಎಬ್ಬಿಸಿ ಕರೆದುಕೊಂಡು ಹೋಗದಂತೆ ನೋಡಿಕೊಳ್ಳಿ. 14 ವರ್ಷದ ಹುಡುಗನ ಕೈಗೆ ಪುಟ್ಟ ಮಕ್ಕಳ ಪುಸ್ತಕವನ್ನೂ ಕೊಡಬೇಡಿ. ಅವನಿಗೆ ಸುಲಭದ ವಾಕ್ಯ ಬೇಕು ನಿಜ, ಆದರೆ ಅವನ ವಯಸ್ಸಿಗೆ ಒಪ್ಪುವ ವಿಷಯ ಬೇಕು. ಗ್ರಹಣ, ಭೂಕಂಪ, ಹೃದಯ ಬಡಿಯುವುದು ಹೇಗೆ ಎಂಬಂಥದ್ದು. ಅದನ್ನು ಆರಿಸಿ ಕೊಡಲು ಭಾಷಾ ಶಿಕ್ಷಕರಿಗೂ ನಿಮ್ಮ ನೆರವು ಬೇಕಾಗುತ್ತದೆ.